ನೋವಿನ ಗೌಡಿಕೆ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದನ್ನು ಸದ್ಯ ಸರ್ಕಾರ ಬಳಸಿಕೊಳ್ಳುತ್ತಿದೆ.

ಮೇಡಂ ತೀರಿಕೊಂಡು ಇನ್ನೂ ವರ್ಷವಾಗಿಲ್ಲ, ಇಲಾಖೆಯೊಂದರ ಪ್ರಕಟಣೆ ಬಂತು. ಸಮ್ಮೋಹನದ, ಅಂದರೆ ಹಿಪ್ನಾಟಿಸಂನ, ಬಗ್ಗೆ ಸಂಶೋಧನೆ ನಡೆಸಲು ಸರ್ಕಾರ ಒಂದು ತಜ್ಞ ಸಲಹಾ ಸಮಿತಿ ಮಾಡಿದೆ. ಮೇಡಂ ಅದರ ‘ಹಿರಿಯ ಸಲಹೆಗಾರ್ತಿ’ ಆಗಿದ್ದರಂತೆ. ಆದ್ದರಿಂದ ಹತ್ತನೇ ತರಗತಿ ಮಕ್ಕಳ ಪರೀಕ್ಷೆ ಭಯ ಓಡಿಸುವ ಸಾಮೂಹಿಕ ಸಮ್ಮೋಹನ ಕಾರ್ಯಕ್ರಮಕ್ಕೆ ಅವರ ಹೆಸರನ್ನೇ ಇಡುತ್ತಾರಂತೆ. ಜೊತೆಗೆ ಒಂದು ಫೋಟೊ. ತಲೆ ಮೇಲೆ ಪೇಟ, ಹೆಗಲ ಮೇಲೆ ಜರಿ ಶಾಲು, ತೊಡೆ ಮೇಲೆ ಹಣ್ಣಿನ ಬುಟ್ಟಿ. ಆ ಫೋಟೊದಲ್ಲಿ ಅವರ ತುಟಿಗಳನ್ನು ನೋಡಬೇಕು. ಹಲ್ಲು ನೋವಿನವರು ಬಸ್ಸಿನಲ್ಲಿ ಹಾಗೆ ಬಾಯಿ ಬಿಗಿಹಿಡಿದು ಕೂತಿರುತ್ತಾರೆ.

ಈ ಹೆಂಗಸನ್ನು ನಾನು ಬಲ್ಲೆ. ಆದ್ದರಿಂದ ಬರೆಯುತ್ತಿದ್ದೇನೆ.

ಹೊಸದುರ್ಗದ ಕಾಲೇಜಿನಲ್ಲಿ ಅವರು ನಮಗೆ ಮನಶ್ಶಾಸ್ತ್ರದ ಪಾಠ ಮಾಡುತ್ತಿದ್ದರು. ನಾನು ಶ್ರೀರಾಂಪುರದಿಂದ ಬೆಳಗಿನ ಬಸ್ಸಿಗೆ ಬರುವವಳು. ಪಿಯುಸಿಯಲ್ಲೇ ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಮನೆಯ ಗೂಡಿನಲ್ಲಿ ಸಾಲಾಗಿ ಇಟ್ಟಿದ್ದೆ; ದೇವರಿದ್ದಾನೆ ಅಂತಲೂ ಗೆದ್ದಿದ್ದೆ, ಇಲ್ಲ ಅಂತಲೂ ಗೆದ್ದಿದ್ದೆ. ಅವರು ಒಂದು ದಿನ ಸಮ್ಮೋಹನದ ಪಾಠ ಶುರು ಮಾಡಿದರು. ನಾನು ಎದ್ದು ನಿಂತೆ.

“ಮೇಡಂ, ಇದು ಬೊಗಳೆ. ಸಿಲಬಸ್ಸಿನಲ್ಲಿ ಯಾಕಿದೆ?”

“ಬಾ ಇಲ್ಲಿ. ಕುಂತ್ಕ.” ಮೇಜಿನ ಪಕ್ಕದ ಕುರ್ಚಿ ತೋರಿಸಿದರು. “ಮೊದಲು ನನಗೆ ಬ್ಯಾಡ ಅನ್ನಬೇಕು ನೀನು. ಗೊತ್ತಾಯ್ತಾ? ಹ್ಞಾಂ, ಕೈ ಎತ್ತು.”

ನಾನು ಎತ್ತಿದೆ. ಇಡೀ ತರಗತಿ ಗೊಳ್ಳೆಂದಿತು.

“ಥೂ! ಇಷ್ಟೇ ಏನೇ ನಿನ್ನ ವಾದ? ಎತ್ತು ಅಂದ್ರೆ ಎತ್ತಿಬಿಡಾದಾ? ಇನ್ನೊಂದ್ಸಲ. ಕೈ ಎತ್ತು.”

“ಬ್ಯಾಡ.”

“ನಿಮ್ಮಪ್ಪನ ಹತ್ರ ಹಿಂಗೇ ಪಿಸುಗುಡ್ತೀಯಾ? ಜೋರಾಗಿ.”

“ಎತ್ತಲ್ಲ, ಏನ್ ಮಾಡ್ಕಂತೀರೋ ಮಾಡ್ಕಳ್ರಿ!”

“ಭೇಷ್. ಈಗ ಶುರು ಮಾಡಾಣ.”

ಇದು ಅವರ ಪದ್ಧತಿ. ಯಾರನ್ನೇ ಆಗಲಿ, ಕೂರಿಸಿಕೊಂಡು ಮೊದಲು ತಮಗೆ ಎದುರಾಡುವುದನ್ನು ಕಲಿಸುತ್ತಿದ್ದರು. ಬ್ಯಾಡ ಅನ್ನಲು ಬಾರದವರನ್ನು ಮುಟ್ಟುತ್ತಿರಲಿಲ್ಲ. “ಬಾಗಿಲು ಒಳಗಿಂದ ತೆಗೆಯಾಕೆ ಬರ್ತತೆ ಅಂತ ಗೊತ್ತಾದ ಮೇಲೇ ನಾನು ಹೊರಗಿಂದ ಚಿಲಕ ಮುಟ್ಟೋದು” ಎನ್ನುತ್ತಿದ್ದರು.

ಆ ದಿನ ಅವರು ತಗ್ಗಿದ ದನಿಯಲ್ಲಿ ಏನೇನೋ ಹೇಳಿದರು, ರೆಪ್ಪೆ ಭಾರವಾಗುತ್ತಿದೆ, ಭುಜ ಸಡಿಲವಾಗುತ್ತಿದೆ ಅಂತ. ನನಗೆ ಮೂಗು ಕಡಿಯಿತು. ನಗು ಬಂತು. ಬೇರೇನೂ ಆಗಲಿಲ್ಲ. ಮೇಡಂ ತರಗತಿಯ ಕಡೆ ತಿರುಗಿದರು. “ಇವಳಿಗೆ ಆಗಲಿಲ್ಲ. ಬರ್ಕಳ್ರಿ: ಇದು ಎಲ್ಲರಿಗೂ ಆಗಲ್ಲ. ಆಗದಿದ್ರೆ ಅದು ಕುಂತವರ ತಪ್ಪಲ್ಲ.”

ನಾನು ಅವತ್ತು ಸೋತೆ ಅನ್ನುವುದಿಲ್ಲ, ಗೆದ್ದಿದ್ದು ನಾನೇ. ಆದರೆ ಡೋಂಗಿಗಳನ್ನು ಗುರುತಿಸುವ ಒಂದು ಉಪಾಯ ಅವತ್ತು ಸಿಕ್ಕಿತು. ಡೋಂಗಿ ತನ್ನ ಸೋಲನ್ನು ಎದುರಿನವನ ಶ್ರದ್ಧೆಯ ಲೆಕ್ಕಕ್ಕೆ ಹಾಕುತ್ತಾನೆ. ಈ ಹೆಂಗಸು ತನ್ನ ಸೋಲನ್ನು ಪಾಠ ಮಾಡಿ ಬರೆಸಿದಳು.

ಅವರೇನು ಸಾಧು ಸ್ವಭಾವದವರಲ್ಲ. ನಾಲಿಗೆ ಹರಿತ, ತಾಳ್ಮೆ ಕಡಿಮೆ, ತಮಗೆ ಗೊತ್ತಿರುವುದು ಬೇರೆಯವರಿಗೆ ಗೊತ್ತಿಲ್ಲ ಎಂಬ ಹಮ್ಮು ಸಾಕಷ್ಟಿತ್ತು. ಚರ್ಚಾಸ್ಪರ್ಧೆಗೆ ನಮ್ಮನ್ನು ತಯಾರು ಮಾಡುವಾಗ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸುತ್ತಿದ್ದರು. ವಾದ ಸಪ್ಪೆಯಾದವರ ಪೊಟ್ಟಣದಿಂದ ಮೆಣಸಿನಕಾಯಿ ಎತ್ತಿಕೊಂಡು ತಾವೇ ತಿನ್ನುತ್ತಿದ್ದರು. ಸಮ್ಮೋಹನ ‘ವಿದ್ಯೆ’ ಎಂದರೆ ಸಿಡುಕು. “ವಿದ್ಯೆ ಗಿದ್ಯೆ ಏನಿಲ್ಲ. ಕಸುಬು ಅನ್ರಿ.”

ಆದರೂ ಜನ ಬರುತ್ತಿದ್ದರು. ಕಳೆದ ಸರ ಎಲ್ಲಿದೆ ಹೇಳಿ, ಮಗನ ಕುಡಿತ ಬಿಡಿಸಿ ಅಂತ. ಧರ್ಮಪುರದ ಕಡೆಯ ಶೇಂಗಾ ವ್ಯಾಪಾರಿಯೊಬ್ಬರು ಹಿರಿಯೂರು ದಾಟಿ ಅಷ್ಟು ದೂರದಿಂದ ಕಾರು ಮಾಡಿಕೊಂಡು ಬಂದಿದ್ದರು. ಹಿಂದಿನ ಜನ್ಮ ನೋಡಬೇಕಂತೆ.

“ಅದಕ್ಕೇನಂತೆ. ಹೋದ ಸೋಮವಾರ ರಾತ್ರಿ ಏನು ಉಂಡ್ರಿ ಹೇಳ್ರಿ,” ಎಂದರು ಮೇಡಂ.

ವ್ಯಾಪಾರಿ ಯೋಚಿಸಿದರು. ಹೆಂಡತಿಯ ಮುಖ ನೋಡಿದರು. “ಮುದ್ದೆ ಇರಬೇಕು...”

“ಹೋದ ವಾರದ ಊಟ ನೆನಪಿಲ್ಲ, ಹಿಂದಿನ ಜನ್ಮಕ್ಕೆ ಹೊಂಟೀರಲ್ಲ ಸ್ವಾಮಿ! ಎದ್ದೇಳ್ರಿ.”

ಅವರ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ.

ನಿವೃತ್ತರಾದ ಮೇಲೆ ಮೇಡಂ ಜಿಲ್ಲಾ ಕೇಂದ್ರವಾದ ದುರ್ಗಕ್ಕೆ ಬಂದು ನೆಲೆಸಿದರು. ಅಷ್ಟರಲ್ಲಿ ನಾನೂ ಲಾ ಮುಗಿಸಿ ದುರ್ಗದ ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಫೈಲು ಹೊರುತ್ತಿದ್ದೆ. ಮೇಡಂ ಬೆಳಿಗ್ಗೆ ಬೆಳಿಗ್ಗೆ ಒಂದು ಸರ್ಕಾರಿ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗುತ್ತಿದ್ದರು. ಸಂಬಳವಿಲ್ಲ, ಹುದ್ದೆಯಿಲ್ಲ, ಅಲ್ಲಿನ ವೈದ್ಯರು ಬರಲಿ ಬಿಡಿ ಎಂದಿದ್ದರು. ಸುಟ್ಟಗಾಯದವರಿಗೆ ಸುಟ್ಟ ದಿನಕ್ಕಿಂತ ದೊಡ್ಡ ನರಕ ಡ್ರೆಸ್ಸಿಂಗಿನದು. ಅಂಟಿಕೊಂಡ ಬಟ್ಟೆಯನ್ನು ಹಸಿ ಮಾಂಸದಿಂದ ಬಿಡಿಸಬೇಕು, ತೊಳೆಯಬೇಕು, ಮತ್ತೆ ಕಟ್ಟಬೇಕು. ಆ ಹೊತ್ತಿನಲ್ಲಿ ಮೇಡಂ ತಲೆದಿಂಬಿನ ಹತ್ತಿರ ಕೂತು ಮಾತಾಡುತ್ತಿದ್ದರು. ಆದರೆ ನೋವಿನ ಇಂಜೆಕ್ಷನ್ನು ಬಿಡಿಸುತ್ತಿರಲಿಲ್ಲ. “ಮೇಡಂ ಬಂದಾರಲ್ಲ, ಇವತ್ತು ಸೂಜಿ ಬ್ಯಾಡ” ಎಂದ ನರ್ಸಿಗೆ ಎಲ್ಲರೆದುರೇ ಬೈದಿದ್ದರು.

“ಹಾಗಾದ್ರೆ ನೀವು ಮಾಡೋದೇನು?” ಎಂದು ನಾನು ಕೆಣಕಿದ್ದೆ.

“ನೋವು ಹೋಗಲ್ಲ ಕಣೆ. ಅದರ ಗೌಡಿಕೆ ಹೋಗ್ತತೆ. ಊರಾಗೇ ಇರ್ತತೆ, ಆದ್ರೆ ಪಂಚಾಯ್ತಿ ಕಟ್ಟೆ ಮೇಲೆ ಕುಂತು ಎಲ್ಲರಿಗೂ ಅಪ್ಪಣೆ ಮಾಡಲ್ಲ.”

ಆಗ ವಾರ್ಡಿನಲ್ಲಿದ್ದವಳು ರತ್ನಮ್ಮ. ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಕಡೆಯವಳು, ಶಾಲೆಯೊಂದರ ಬಿಸಿಯೂಟದ ಅಡುಗೆಯವಳು. ಕುದಿಯುವ ಸಾಂಬಾರಿನ ಪಾತ್ರೆ ಮಗುಚಿ ಬಲಗೈ, ಪಕ್ಕೆ, ತೊಡೆ ಬೆಂದಿದ್ದವು. ಕೈ ಬೆರಳುಗಳನ್ನು ಡ್ರೆಸ್ಸಿಂಗಿನ ಹೊತ್ತಿನಲ್ಲೇ ಮಡಚಿ ಬಿಡಿಸಬೇಕು, ಇಲ್ಲದಿದ್ದರೆ ಹಾಗೇ ಸೆಟೆದುಕೊಳ್ಳುತ್ತವೆ ಎಂದು ವೈದ್ಯರು ಹೇಳಿದ್ದರು. ಮೇಡಂ ಇದ್ದ ದಿನ ರತ್ನಮ್ಮ ಬೆರಳು ಮಡಚುತ್ತಿದ್ದಳು. ಇಲ್ಲದ ದಿನ ಯಾರನ್ನೂ ಕೈ ಮುಟ್ಟಗೊಡುತ್ತಿರಲಿಲ್ಲ. ಇದಿಷ್ಟು ನೆನಪಿಟ್ಟುಕೊಳ್ಳಿ, ಮುಂದೆ ನಡೆದಿದ್ದೆಲ್ಲ ಆ ಒಂದು ಕೈಗಾಗಿ.

ಆ ದಿನಗಳಲ್ಲೇ ಇಲಾಖೆಯಿಂದ ಕರೆ ಬಂತು. ಸರ್ಕಾರಕ್ಕೆ ಸಮ್ಮೋಹನದಲ್ಲಿ ಆಸಕ್ತಿ ಬಂದಿದೆ, ತಜ್ಞರನ್ನು ಹುಡುಕುತ್ತಿದ್ದೇವೆ, ಸಮಾಲೋಚನೆಗೆ ಬನ್ನಿ. ಒಂದು ಮಾತು ಒಪ್ಪಿಕೊಳ್ಳುತ್ತೇನೆ: ಇದರಲ್ಲಿ ತಪ್ಪೇನೂ ಇಲ್ಲ. ಯಾವುದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂದು ಸರ್ಕಾರ ಪರೀಕ್ಷಿಸಲು ಹೊರಟರೆ ನಾನೇ ಚಪ್ಪಾಳೆ ತಟ್ಟುತ್ತೇನೆ. ಮೇಡಂ ಅಂತೂ ಹುಡುಗಿಯ ಹಾಗೆ ಸಂಭ್ರಮಪಟ್ಟರು. ಇಳಕಲ್ ಸೀರೆ ಇಸ್ತ್ರಿ ಮಾಡಿಸಿದರು. “ಕೊನೆಗೂ ಯಾರೋ ಕೇಳ್ತಿದಾರಲ್ಲೇ! ಬಾ, ಇಬ್ಬರೂ ಹೋಗಾಣ.”

ಸಭೆಯಲ್ಲಿ ಅಧಿಕಾರಿಯೊಬ್ಬರು, ಅವರ ಪಕ್ಕದಲ್ಲಿ ಹೊರ ಜಿಲ್ಲೆಯಿಂದ ಬಂದ ಒಬ್ಬ ಗುರೂಜಿ. ಬಿಳಿ ಜುಬ್ಬ, ಕಿವಿಯ ಬದಿಯಲ್ಲಿ ಮೈಕು. ಇದ್ದವರು ಹತ್ತು ಹನ್ನೆರಡು ಜನ. ಅಷ್ಟಕ್ಕೆ ಮೈಕು ಯಾಕೋ.

“ಮೇಡಂ, ಒಂದು ಸಭಾಂಗಣದಲ್ಲಿ ಒಟ್ಟಿಗೆ ಎಷ್ಟು ಮಕ್ಕಳಿಗೆ ಮಾಡಬಹುದು?” ಅಧಿಕಾರಿ ಪೆನ್ನು ತೆರೆದರು.

“ಒಂದು.”

“ಒಂದು ಸಾವಿರ?”

“ಒಂದು ಮಗು ಸಾರ್.”

ಅಧಿಕಾರಿ ಪೆನ್ನು ಮುಚ್ಚಿದರು. “ಪೊಲೀಸ್ ತನಿಖೆಗೂ ಬಳಸಬಹುದು ಅಂತ ಮೇಲಿನವರ ಅಭಿಪ್ರಾಯ ಇದೆ. ಸಾಕ್ಷಿಗಳಿಗೆ ಮರೆತದ್ದು ನೆನಪಾಗುತ್ತದಲ್ಲ?”

“ನೆನಪು ಬರಲ್ಲ, ಧೈರ್ಯ ಬರ್ತತೆ. ಆಗದೇ ಇದ್ದದ್ದನ್ನೂ ಕಣ್ಣಾರೆ ಕಂಡೆ ಅಂತ ಆಣೆ ಇಟ್ಟು ಹೇಳ್ತಾರೆ. ಯಾವನೋ ಬಡವ ಜೈಲಿಗೆ ಹೋಗ್ತಾನೆ. ಬ್ಯಾಡ್ರಿ.”

ಗುರೂಜಿ ಕಣ್ಣು ಮುಚ್ಚಿ ಮುಗುಳ್ನಕ್ಕರು. “ಅಮ್ಮನವರಲ್ಲಿ ನೆಗೆಟಿವ್ ಎನರ್ಜಿ ಜಾಸ್ತಿ ಇದೆ.”

“ಬಲ್ಬು ಹತ್ತಬೇಕಂದ್ರೆ ಅದೂ ಒಂದು ವೈರು ಬೇಕಲ್ಲ ಗುರೂಜಿ,” ಎಂದರು ಮೇಡಂ. ಚಹಾ ತಂದಿದ್ದ ಅಟೆಂಡರು ನಕ್ಕೇಬಿಟ್ಟ. ಅಧಿಕಾರಿ ನಗಲಿಲ್ಲ.

ತಜ್ಞರನ್ನು ಹುಡುಕುವವರು ಮೊದಲೇ ಉತ್ತರ ಇಟ್ಟುಕೊಂಡು ಬಂದಿದ್ದರು. ಆ ಉತ್ತರದ ಮೇಲೆ ಕೂತುಕೊಳ್ಳಲು ಒಂದು ತಲೆನರೆತ ಗೌರವಸ್ಥ ಮುಖ ಬೇಕಿತ್ತು, ಅಷ್ಟೇ. ಇದನ್ನು ಸಂಶೋಧನೆ ಎನ್ನುವುದಾದರೆ, ಹೆಣ್ಣು ಗೊತ್ತು ಮಾಡಿ ಲಗ್ನಪತ್ರಿಕೆ ಹಂಚಿದ ಮೇಲೆ ಜಾತಕ ತೋರಿಸುವುದೂ ಸಂಶೋಧನೆಯೇ.

ಸ್ವಲ್ಪ ದಿನಕ್ಕೆ ಆಸ್ಪತ್ರೆಗೆ ಆದೇಶ ಬಂತು. ಸಮಿತಿಯ ಮಾನ್ಯತೆ ಇಲ್ಲದವರು ಸರ್ಕಾರಿ ಸಂಸ್ಥೆಗಳಲ್ಲಿ ಸಮ್ಮೋಹನ ಮಾಡುವಂತಿಲ್ಲ. ಬಾಯಲ್ಲಿ ಹೇಳಿದರೆ ಎಷ್ಟು ಒಳ್ಳೆಯ ನಿಯಮ! ಕಂಡಕಂಡವರನ್ನು ವಾರ್ಡಿಗೆ ಬಿಡಬಾರದು, ಸರಿ. ಆದರೆ ಇಡೀ ಜಿಲ್ಲೆಯಲ್ಲಿ ಅದು ಹಿಡಿದದ್ದು ಒಬ್ಬರನ್ನೇ.

ವಾರ್ಡಿನ ಬಾಗಿಲಲ್ಲಿ ಸಿಸ್ಟರ್ ಕೈಮುಗಿದರು. “ಮೇಡಂ, ನನ್ನ ನೌಕರಿ ಹೋಗ್ತತೆ. ಕಾಲಿಗೆ ಬೀಳ್ತೀನಿ, ಒಳಗೆ ಬರಬ್ಯಾಡ್ರಿ.”

ಮೇಡಂ ಹೊರಗಿನ ಬೆಂಚಿನ ಮೇಲೆ ಕೂತರು. ಸುದ್ದಿ ಕೇಳಿ ನಾನು ಕೋರ್ಟಿನಿಂದ ಓಡಿಬರುವ ಹೊತ್ತಿಗೆ ಒಳಗೆ ಡ್ರೆಸ್ಸಿಂಗ್ ನಡೆಯುತ್ತಿತ್ತು. ರತ್ನಮ್ಮನ ಕೂಗು ಮನುಷ್ಯರ ಕೂಗಿನಂತಿರಲಿಲ್ಲ. “ಕೈ ಬ್ಯಾಡ್ರೀ, ಕೈ ಬಿಡ್ರೀ” ಅನ್ನುವುದು ಮಾತ್ರ ಮಾತಾಗಿ ಕೇಳುತ್ತಿತ್ತು. ಮೇಡಂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು.

ಅದೇ ವಾರ ಅಧಿಕಾರಿ ಅವರ ಮನೆಗೆ ಬಂದರು. ನಾನೂ ಇದ್ದೆ. ಬಹಳ ಸಭ್ಯರು, ಚಪ್ಪಲಿ ಹೊರಗೆ ಬಿಟ್ಟು ಬಂದರು. “ಮಾನ್ಯತೆ ದೊಡ್ಡ ವಿಷಯ ಅಲ್ಲ ಮೇಡಂ. ಸಮಿತಿಯಲ್ಲಿ ಇರಿ. ಮಕ್ಕಳ ಕಾರ್ಯಕ್ರಮದ ಉದ್ಘಾಟನೆ ದಿನ ವೇದಿಕೆ ಮೇಲೆ ಕೂತರೆ ಸಾಕು. ನೀವೇನೂ ಮಾಡೋದು ಬೇಡ, ಮಾತಾಡೋದೂ ಬೇಡ. ಒಂದು ಸಣ್ಣ ಸನ್ಮಾನ. ಮಾರನೇ ದಿನದಿಂದ ವಾರ್ಡಿಗೆ ಹೋಗಿ, ಯಾರು ತಡೀತಾರೆ?”

ಅವರು ಹೋದ ಮೇಲೆ ನಾನು ಕೆರಳಿದೆ. “ಕೂತ್ರೆ ಒಪ್ಪಿದ ಹಾಗೆ ಮೇಡಂ. ಜನ ನಿಮ್ಮ ಮಾತು ಕೇಳಲ್ಲ, ಫೋಟೊ ನೋಡ್ತಾರೆ. ಆ ಮನುಷ್ಯ ನಾಳೆ ಊರೂರಲ್ಲಿ ಮಕ್ಕಳ ತಲೆ ಸವರ್ತಾನೆ, ಹಿಂದೆ ನಿಮ್ಮ ಶಾಲು ಇರ್ತದೆ. ಬೇಡ. ಹೈಕೋರ್ಟಿಗೆ ಹೋಗೋಣ.”

“ಎಷ್ಟು ದಿನ ಆಗ್ತತೆ?”

“ವಾರಗಳು. ತಿಂಗಳೂ ಆಗಬಹುದು.”

“ಆಕೆ ಬೆರಳು ಅಲ್ಲೀತನಕ ವಾಯಿದೆ ಕೊಡಲ್ಲ ಕಣೆ.”

“ಮತ್ತೆ ಸುಳ್ಳಿನ ಪಕ್ಕ ಕೂರ್ತೀರಾ?”

“ನಿನ್ನ ವಾದ ಸರಿಯಾಗೇ ಐತೆ,” ಎಂದರು. ಆಮೇಲೆ ಒಳಗೆ ಹೋಗಿ ಅದೇ ಇಳಕಲ್ ಸೀರೆ ಬೀರುವಿನಿಂದ ತೆಗೆದರು.

ಕೂತರು. ಪೇಟ ತೊಡಿಸಿದರು, ತೊಟ್ಟರು. ಶಾಲು ಹೊದಿಸಿದರು, ಹೊದ್ದರು. ಮಾತು ಬೇಡ ಎಂದಿದ್ದವರು ಎರಡು ಮಾತಾಡಿ ಎಂದು ಮೈಕು ಕೊಟ್ಟರು. ನಾನು ಸಭಿಕರ ನಡುವೆ ಕಿವಿಗೊಟ್ಟು ಕೂತಿದ್ದೆ. ಈಗ ಹೇಳುತ್ತಾರೆ, ಈಗ ಆ ಜುಬ್ಬದವನ ಗಾಳಿ ತೆಗೆಯುತ್ತಾರೆ. “ಎಲ್ಲರಿಗೂ ಒಳ್ಳೇದಾಗಲಿ,” ಎಂದು ಕೂತುಬಿಟ್ಟರು.

ಆಮೇಲೆ ಗುರೂಜಿ ಎದ್ದ. ಸಭಾಂಗಣದ ತುಂಬ ಹತ್ತನೇ ತರಗತಿಯ ಮಕ್ಕಳು. ಎರಡೂ ಕೈ ಬೆರಳು ಹೆಣೆದುಕೊಳ್ಳಿ, ಬಿಗಿಯಾಗುತ್ತಿದೆ, ಬಿಗಿಯಾಗುತ್ತಿದೆ, ಇನ್ನು ಬಿಡಿಸಲು ಆಗುವುದಿಲ್ಲ ಎಂದ. ನನ್ನ ಪಕ್ಕದಲ್ಲಿದ್ದ ಎರಡು ಜಡೆಯ ಹುಡುಗಿ ಸಲೀಸಾಗಿ ಕೈ ಬಿಡಿಸಿಕೊಂಡಳು. ಅತ್ತಿತ್ತ ನೋಡಿದಳು. ಎಲ್ಲರ ಕೈಗಳೂ ಹೆಣೆದೇ ಇವೆ. ಅವಳ ಮುಖ ಕಪ್ಪಿಟ್ಟಿತು. ಮೆಲ್ಲಗೆ ಮತ್ತೆ ಬೆರಳು ಹೆಣೆದುಕೊಂಡು, ಬಿಡಿಸಲು ಬಾರದವಳ ಹಾಗೆ ಎಳೆದಾಡತೊಡಗಿದಳು. ಬರುವಾಗ ಆ ಮಗುವಿಗೆ ಇದ್ದದ್ದು ಗಣಿತದ ಭಯ ಒಂದೇ. ಹೋಗುವಾಗ ತನಗೊಬ್ಬಳಿಗೆ ಮಾತ್ರ ಏನೋ ಕೊರತೆ ಇದೆ ಎಂಬ ಭಯವನ್ನೂ ಕಟ್ಟಿಕೊಂಡು ಹೋದಳು. ಇದಕ್ಕೆ ಸರ್ಕಾರದ ಸಭಾಂಗಣ, ಸರ್ಕಾರದ ಹಾರ, ಸರ್ಕಾರದ ಊಟ.

ಮಾರನೇ ಬೆಳಿಗ್ಗೆ ಜಗಳ ಮಾಡಲೆಂದೇ ಆಸ್ಪತ್ರೆಗೆ ಹೋದೆ. ವಾರ್ಡಿನ ಬಾಗಿಲು ಅರ್ಧ ತೆರೆದಿತ್ತು.

“ರತ್ನಮ್ಮ, ಕಣ್ಣು ಮುಚ್ಚು.”

“ಮುಚ್ಚಲ್ಲ ಹೋಗ್ರಿ. ಎರಡು ವಾರ ಬಿಟ್ಟು ಹೋಗಿ ಈಗ ಬಂದೀರಿ.”

“ಭೇಷ್! ಬೈ ಇನ್ನೊಂದಿಷ್ಟು.”

ಆಮೇಲೆ ದನಿ ತಗ್ಗಿತು. ಮೇಡಂ ಅವಳನ್ನು ಅವಳೂರಿನ ಕೆರೆ ಏರಿಗೆ ಕರೆದೊಯ್ದರು; ಅದು ರತ್ನಮ್ಮನೇ ಆರಿಸಿಕೊಂಡಿದ್ದ ಜಾಗ. ಸಿಸ್ಟರ್ ಬಟ್ಟೆ ಬಿಡಿಸುತ್ತಿದ್ದರು. “ನೋಯ್ತೈತೆ ಮೇಡಂ,” ಎಂದಳು ರತ್ನಮ್ಮ, ನಿದ್ದೆಗಣ್ಣಿನ ದನಿಯಲ್ಲಿ. “ಹ್ಞೂಂ, ನೋಯ್ತೈತೆ. ನೀರಾಗೆ ಕಾಲು ಬಿಟ್ಟೀಯಲ್ಲ, ತಣ್ಣಗೈತಾ? ಆ ತಣ್ಣನೆ ನೀರು ಬೊಗಸೆಗೆ ತಗಾ. ಬೆರಳು ಮಡಚು. ಇನ್ನೊಂಚೂರು.” ಆ ಕೆಂಪು ಬೆರಳುಗಳು ಮಡಚಿದವು. ಬಿಟ್ಟವು. ಮತ್ತೆ ಮಡಚಿದವು.

ಹೊರಗೆ ಬಂದವರು ನನ್ನನ್ನು ನೋಡಿ, “ಏನೇ, ಜಗಳಕ್ಕೆ ಬಂದ್ಯಾ? ಮಾಡು,” ಎಂದರು.

ಎರಡು ಜಡೆಯ ಹುಡುಗಿಯ ವಿಷಯ ಹೇಳಿದೆ. ನಿಂತೇ ಕೇಳಿದರು. ಗೋಡೆಗೆ ಒರಗಿಕೊಂಡರು. “ಆ ಹುಡುಗಿಗೆ ನಾನು ಮಾಡಿದ್ದು ಅನ್ಯಾಯ.”

“ಹಾಗಾದ್ರೆ ಪತ್ರಿಕೆಯವರ ಮುಂದೆ ಹೇಳಿ.”

“ಹೇಳ್ತೀನಿ. ರತ್ನಮ್ಮ ಮನೆಗೆ ಹೋಗ್ಲಿ. ಆಮೇಲೆ.”

ಆಮೇಲೆ ಅನ್ನುವ ಮಾತನ್ನು ನಮ್ಮ ಬಾಯಲ್ಲಿ ಅವರು ಎಂದೂ ಸಹಿಸಿದವರಲ್ಲ. ರತ್ನಮ್ಮ ಗುಣವಾಗಿ ಊರಿಗೆ ಹೋದಳು. ಅವಳ ಹಿಂದೆಯೇ ಮೇಡಂಗೆ ಎದೆನೋವು ಬಂತು, ಅದರಲ್ಲೇ ತೀರಿಕೊಂಡರು. ಹೇಳಬೇಕಾದದ್ದು ಹಾಗೇ ಉಳಿಯಿತು. ಅದಕ್ಕೆ ನನಗೆ ಅವರ ಮೇಲೂ ಸಿಟ್ಟಿದೆ. ಸತ್ತವರನ್ನು ಬೈಯಬಾರದು ಎನ್ನುವವರು ಈ ಪುಟ ಇಲ್ಲಿಗೇ ಮಡಚಿಡಬಹುದು.

ಹೆಸರಿಡುವ ಪ್ರಕಟಣೆ ಬಂದ ಮೇಲೆ ನಾನು ತಾಳ್ಯದ ಬಸ್ಸು ಹಿಡಿದೆ. ಮೇಡಂ ಆ ಸಮಿತಿಯವರ ಕಡೆ ಇರಲಿಲ್ಲ ಎಂದು ಹೇಳಲು ನನಗೊಬ್ಬ ಸಾಕ್ಷಿ ಬೇಕಿತ್ತು. ರತ್ನಮ್ಮ ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿ ಕೇರುತ್ತಿದ್ದಳು, ಎರಡೂ ಕೈಯಲ್ಲಿ. ಬಲಗೈಯ ಚರ್ಮ ನೆರಿಗೆ ಬಿದ್ದ ರೇಷ್ಮೆಯ ಹಾಗೆ ಮಿನುಗುತ್ತಿತ್ತು. “ಕುಂತ್ಕಳ್ರಿ ಲಾಯರಮ್ಮ,” ಎಂದು ಚಾಪೆ ಹಾಸಿದಳು.

ಎಲ್ಲ ಹೇಳಿದೆ. ಆದೇಶ, ಬೆಂಚು, ಶಾಲು. ಅವಳಿಗೆ ಒಂದೂ ಗೊತ್ತಿರಲಿಲ್ಲ. ಆ ಎರಡು ವಾರ ಮೇಡಂ ನೆಂಟರ ಮದುವೆಗೆ ಹೋಗಿದ್ದರು ಎಂದುಕೊಂಡಿದ್ದಳಂತೆ. ಮೊರ ಕೆಳಗಿಟ್ಟಳು.

“ನನಗೊಂದು ಮಾತು ಹೇಳಲಿಲ್ಲವಲ್ಲ ಆಯಮ್ಮ.”

“ಹೇಳಿದ್ದಿದ್ರೆ? ಹೋಗಿ ಕೂರಬ್ಯಾಡ್ರಿ ಅಂತಿದ್ಯೇನು?”

ಅವಳು ಬಲಗೈಯ ಬೆರಳುಗಳನ್ನು ಒಮ್ಮೆ ಮಡಚಿ ಬಿಡಿಸಿದಳು. “ಈಗ ಅಂತೀನಿ. ಅವತ್ತು? ಅವತ್ತು ಕಾಲು ಹಿಡ್ಕಂಡು, ಯಾರ ಪಕ್ಕನಾದ್ರೂ ಕುಂತ್ಕ ತಾಯಿ, ನಾಳೆ ಬಾ ಅಂತಿದ್ದೆ.”

ಮೇಡಂ ಕೂತದ್ದು ತಪ್ಪು ಎಂದು ಈಗಲೂ ಹೇಳುತ್ತೇನೆ. ಆದರೆ ರತ್ನಮ್ಮನ ಮುಂದೆ ನಿಂತು ಹೇಳುವಷ್ಟು ದೊಡ್ಡ ವಾದ ನನ್ನ ಹತ್ತಿರ ಇಲ್ಲ. ನನ್ನ ಸಿಟ್ಟು ಇರುವುದು, ಒಂದು ಹೆಂಗಸಿನ ಕೈಯನ್ನೂ ಇನ್ನೊಂದು ಹೆಂಗಸಿನ ಮಾತನ್ನೂ ಒಂದೇ ತಕ್ಕಡಿಗೆ ಹಾಕಿ, ಚಪ್ಪಲಿ ಹೊರಗೆ ಬಿಟ್ಟು ಬಂದು, ಸಭ್ಯವಾಗಿ ತೂಗಿದವರ ಮೇಲೆ.

“ನಡೀರಿ, ಬರ್ತೀನಿ,” ಎಂದಳು ರತ್ನಮ್ಮ. “ಆದ್ರೆ ನೀವು ಹೇಳ್ಕೊಟ್ಟಿದ್ದು ನಾನು ಹೇಳಲ್ಲ.”

ದುರ್ಗದ ಇಲಾಖಾ ಕಚೇರಿಯಲ್ಲಿ ಅದೇ ಅಧಿಕಾರಿ. ನಾನು ಶುರು ಮಾಡಿದೆ: ಅವರ ಹೆಸರು ತೆಗೆಯಬೇಕು, ಫೋಟೊ ತೆಗೆಯಬೇಕು, ಅವರು ಈ ಕಾರ್ಯಕ್ರಮವನ್ನು ಸಭೆಯಲ್ಲೇ ವಿರೋಧಿಸಿದ್ದರು, ನಾನೇ ಕೇಳಿದ್ದೇನೆ. ಅಧಿಕಾರಿ ತಲೆಯಾಡಿಸುತ್ತಿದ್ದರು. ವೇದಿಕೆ ಮೇಲೆ ಕೂತಿದ್ದರಲ್ಲ ಮೇಡಂ, ಫೋಟೊ ಇದೆಯಲ್ಲ, ಎಂದರು. ರತ್ನಮ್ಮ ನನ್ನ ಮೊಣಕೈ ಒತ್ತಿ ಸುಮ್ಮನಾಗಿಸಿದಳು. ಬಲಗೈಯನ್ನು ಅವರ ಮೇಜಿನ ಗಾಜಿನ ಮೇಲೆ ಇಟ್ಟಳು.

“ಸಾರ್, ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಬಂದ್ವಿ. ನಾನು ಮಲಗಿದ್ದ ಮಂಚದಾಗೆ ಈಗ ಹಿರಿಯೂರು ಕಡೆ ಹೆಣ್ಣುಮಗಳು ಒಬ್ಬಾಕೆ ಅವಳೆ. ಸ್ಟವ್ ಸಿಡಿದು ಎರಡೂ ಕೈ ಸುಟ್ಟಾವೆ. ಆಕೆ ತಲೆ ಹತ್ರ ಯಾರು ಕುಂದ್ರುತಾರೆ?”

“ಅದು... ಸಮಿತಿ ಇದೆಯಲ್ಲಮ್ಮ.”

“ಹೌದು ಸಾರ್. ಸಮಿತಿಯಾಗೆ ಯಾರು? ಆ ಗುರೂಜಿ ಬರ್ತಾರಾ?”

“ಅವರು ರಾಜ್ಯ ಪ್ರವಾಸದಲ್ಲಿದ್ದಾರೆ. ವಾರ್ಡು ಅವರ ಕಾರ್ಯಕ್ರಮದಲ್ಲಿ ಬರಲ್ಲ. ನೀವು ಹೇಳಿದ್ದನ್ನ ಮುಂದಿನ ಸಭೆಯಲ್ಲಿ ಇಡ್ತೀವಿ.”

“ನಾಳೆ ಬೆಳಿಗ್ಗೆ ಡ್ರೆಸ್ಸಿಂಗ್ ಐತೆ ಸಾರ್ ಆಕೆಗೆ.”

ಅಧಿಕಾರಿ ಗಡಿಯಾರ ನೋಡಿಕೊಂಡರು. ಇವಳನ್ನು ಎಬ್ಬಿಸಿಕೊಂಡು ಹೋಗಿ ಎನ್ನುವಂತೆ ನನ್ನ ಕಡೆ ನೋಡಿದರು. ರತ್ನಮ್ಮ ಮೇಜಿನ ಮೇಲಿನ ಕೈ ತೆಗೆಯಲಿಲ್ಲ. ನಾನು ಗೋಡೆ ಪಕ್ಕದಲ್ಲಿದ್ದ ಇನ್ನೊಂದು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತೆ.